ಕರಿ ಅಚ್ಚು

“ಆ ಗಂಟೊಂದು ಮುಟ್ಟಬೇಡ ಮಗಳೇ. ಮಿಕ್ಕಿದ್ದೆಲ್ಲ ತಗೊಂಡು ಹೋಗು.”

ಪ್ರೆಸ್ಸಿನ ತಾತ ಹೀಗೆಂದದ್ದೇ ತಡ, ಅಕ್ಕನ ಕಿವಿ ನೆಟ್ಟಗಾಯಿತು. ಬೇಡ ಎಂದದ್ದರಲ್ಲೇ ಏನೋ ಇರುತ್ತದೆ ಎಂಬುದು ಹಳೇ ಕಾಗದ ಹುಡುಕುವವರಿಗೆಲ್ಲ ಗೊತ್ತು. ಬೆಂಕಿಪೊಟ್ಟಣದ ಚೀಟಿ, ಸೋಪಿನ ಹೊದಿಕೆ, ಬಸ್ ಟಿಕೆಟ್ಟು: ಅಜ್ಜಿಯ ಕಾಲದ ಬಣ್ಣ ಕಂಡರೆ ಅವಳಿಗೂ ತಂಗಿಗೂ ಊಟದ ನೆನಪಿರುವುದಿಲ್ಲ. ಹಳೇ ಚಿತ್ರಗಳ ಅಂಗಡಿ ತೆರೆಯುವುದು ಇಬ್ಬರ ಕನಸು. ಹುಡುಕುವುದು ಅಕ್ಕ, ಮಾಸಿದಲ್ಲಿ ಸಣ್ಣ ಕುಂಚದಿಂದ ಬಣ್ಣ ತುಂಬುವುದು ತಂಗಿ. ಕೂದಲೆಳೆಯಷ್ಟು ತಪ್ಪಿದರೂ ತಂಗಿಯ ಕಣ್ಣು ಹಿಡಿಯುತ್ತಿತ್ತು. ಆ ಕಣ್ಣನ್ನು ನಂಬಿಯೇ ಅಕ್ಕ ಕೆಲಸ ಬಿಟ್ಟಿದ್ದಳು.

ಮುಚ್ಚಿದ ಪ್ರೆಸ್ಸಿನೊಳಗೆ ಸೀಮೆಎಣ್ಣೆ, ಒಣಗಿದ ಶಾಯಿ, ಇಲಿಯ ವಾಸನೆ. ಮೂಲೆಯಲ್ಲಿ ತಲೆಎಣ್ಣೆಯ ಲೇಬಲ್ಲಿನ ಹಾಳೆಗಳು. ಒಂದೊಂದು ಅಚ್ಚಿನಿಂದ ಒಂದೊಂದು ಬಣ್ಣ: ಹಳದಿ, ಕೆಂಪು, ನೀಲಿ ಬಿದ್ದಿದ್ದವು, ಕೊನೆಗೆ ಒತ್ತುವ ಕರಿ ಮಾತ್ರ ಬಿದ್ದಿರಲಿಲ್ಲ. ತಲೆ ಬಾಚಿಕೊಳ್ಳುವ ಹೆಂಗಸಿನ ಕಣ್ಣುಗಳಲ್ಲಿ ಬರೀ ಬಿಳುಪು. ಆ ಕರಿ ಬಣ್ಣದ ಅಚ್ಚೇ ಏಳು ಗಂಟು ಹಾಕಿದ ಬಟ್ಟೆಯೊಳಗೆ ಕೂತಿತ್ತು.

“ಕರಿ ಬಿದ್ರೆ ದೃಷ್ಟಿ...” ತಾತ ತಡವರಿಸಿದ.

“ಕರಿ ಇಟ್ರೆ ದೃಷ್ಟಿ ತಾಗಲ್ಲ ಅಂತಾರೆ. ನೀವು ಉಲ್ಟಾ ಹೇಳ್ತೀರಲ್ಲ ತಾತ!”

“ತಾಗೋದಲ್ಲಮ್ಮ, ಬರೋದು. ಚಿತ್ರ ಬರೆದವನ ಹೆಂಡ್ತಿ ಇವಳು. ಇವಳ ಕಣ್ಣು ಹೋಯ್ತು. ಯಾರದ್ದಾದ್ರೂ ಸರಿ, ಇವಳಿಗೆ ದೃಷ್ಟಿ ಬರಲಿ ಅಂತ ಅವನು ಮಾಟ ಮಾಡಿಸಿ ಈ ಅಚ್ಚು ಕೊರೆದ. ಹೊಸ ಹಾಳೇನ ಮೊದಲು ನೋಡಿದವರ ಕಣ್ಣು ಇವಳಿಗೆ.” ಅವನು ತನ್ನ ಸತ್ತ ಬಲಗಣ್ಣನ್ನು ಮುಟ್ಟಿಕೊಂಡ. “ನಾನು ಭೂತಗನ್ನಡೀಲಿ ಒಂದೇ ಕಣ್ಣಿಟ್ಟು ನೋಡಿದ್ದೆ. ಅದಕ್ಕೇ ಇನ್ನೊಂದು ಉಳೀತು. ಅಚ್ಚನ್ನ ಎರಡು ಸಲ ಬೆಂಕಿಗೆ ಹಾಕ್ದೆ. ಕರಗಲಿಲ್ಲ.”

ಕಿವಿಗೆ ಹೂವಿಡಲು ನಾನೇ ಬೇಕಿತ್ತೇ ಎಂದುಕೊಂಡಳು ಅಕ್ಕ. ಮುದುಕ ಇದನ್ನು ಬೇರೆ ಯಾರಿಗೋ ಎತ್ತಿಟ್ಟಿದ್ದಾನೆ, ಅದಕ್ಕೇ ಈ ಕಟ್ಟುಕತೆ. ಅವನು ಹಿತ್ತಿಲ ನಲ್ಲಿಗೆ ಹೋದದ್ದೇ ತಡ, ಗಂಟು ಬಿಚ್ಚಿದಳು. ಅಚ್ಚು ಬೆಚ್ಚಗಿತ್ತು. ಬಿಸಿಲಿಗಿರಬೇಕು ಎಂದುಕೊಂಡಳು, ಆದರೆ ಬಿಸಿಲು ಅಲ್ಲಿಗೆ ಬರುತ್ತಿರಲಿಲ್ಲ.

ಫೋನನ್ನು ಶಾಯಿ ಡಬ್ಬಿಗೆ ಒರಗಿಸಿ ತಂಗಿಗೆ ವಿಡಿಯೋ ಕಾಲ್ ಮಾಡಿದಳು.

“ಅಯ್ಯೋ, ಬೇಗ ತೋರಿಸೇ ಅಕ್ಕ!”

“ಇರು ಕಣೇ. ಮೊದಲ ಪ್ರತಿ ನೀನೇ ನೋಡ್ಬೇಕು.”

ಅಚ್ಚನ್ನು ಯಂತ್ರಕ್ಕೆ ಕೂರಿಸಿ, ಡಬ್ಬಿಯ ತಳದಲ್ಲಿ ಇನ್ನೂ ಹಸಿಯಿದ್ದ ಶಾಯಿ ಉರುಳಿಸಿದಳು. ಲೇಬಲ್ಲಿನ ಹಾಳೆ ಇಟ್ಟಳು. ಹಿಡಿ ಎಳೆದಳು. ಯಂತ್ರ ನರಳಿತು. ಕೂದಲು ಸುಟ್ಟ ವಾಸನೆ. ಹಾಳೆ ಕೈಯಲ್ಲಿ ಮಿಡಿಯಿತು. ಹಿಂಬದಿ ತನಗೆ, ಮುಂಬದಿ ಫೋನಿಗೆ. ಎತ್ತಿ ಹಿಡಿದಳು. ಇನ್ನು ತನ್ನ ಕಡೆ ತಿರುಗಿಸಬೇಕು.

ಒದ್ದೆ ಕೈಯೊಂದು ಅವಳ ಕಣ್ಣು ಮುಚ್ಚಿತು.

“ಬಿಡ್ರಿ ತಾತ!” ಕೊಸರಿದಳು. ಪರಚಿದಳು. ಕೈ ಸಡಿಲಲಿಲ್ಲ. ಡಬ್ಬಿ ಉರುಳಿತು. ಕಾಗದ ಹರಿಯಿತು. ಇನ್ನೊಂದು ಕೈಯಿಂದ ಅವನು ಕಡ್ಡಿ ಗೀರಿದ ಸದ್ದು. ಕೈ ಬಿಟ್ಟಾಗ ನೆಲದ ಮೇಲೆ ಬರೀ ಬೂದಿ.

“ಇದನ್ನ ಯಾರಿಗೆ ಕೊಡ್ತೀನಿ ಅಂತ ಮಾತು ಕೊಟ್ಟಿದ್ರಿ?” ಅವಳು ಕಿರುಚಿದಳು.

“ನೋಡಿದ್ಯಾ?” ತಾತ ಅವಳ ಎರಡೂ ಕಣ್ಣು ಪರೀಕ್ಷಿಸಿದ.

“ನೀವು ಬಿಟ್ರೆ ತಾನೇ!”

ಅವನು ಕುಸಿದು ಕೂತ. “ನೀನು ಬದುಕ್ಕೊಂಡೆ ಮಗಳೇ.” ಅವನ ಒಂಟಿಗಣ್ಣಲ್ಲಿ ನೀರು ಕಂಡಾಗ ಅವಳಿಗೆ ಮೊದಲ ಸಲ ಭಯವಾಯಿತು. ನಾಚಿಕೆಯೂ ಆಯಿತು.

ಆಗ ನೆಲದಿಂದ ದನಿ ಬಂತು.

“ಅಕ್ಕಾ, ಯಾಕೆ ಕತ್ತಲಾಯ್ತು?”

“ಫೋನ್ ಬಿದ್ದಿತ್ತು ಕಣೇ.” ಅವಳು ಅದನ್ನು ಎತ್ತಿ ಮುಖದ ಮುಂದೆ ಹಿಡಿದಳು. ಪರದೆಯಲ್ಲಿ ಮನೆಯ ಮಧ್ಯಾಹ್ನದ ಬಿಸಿಲು, ಬಿಸಿಲಲ್ಲಿ ತಂಗಿಯ ಮುಖ. “ಈಗ ಕಾಣಿಸ್ತಿದ್ದೀನಾ?”

ತಂಗಿ ಎರಡೂ ಕೈಗಳಿಂದ ಗಾಳಿ ತಡವುತ್ತಿದ್ದಳು.

“ಫೋನಲ್ಲ ಅಕ್ಕಾ... ನಮ್ಮ ಕಿಟಕಿ ಎಲ್ಲಿ?”