ತುಟಿ ಮರಗಟ್ಟಿಸಿದ ಪದ

ದಂತವೈದ್ಯೆ ರೋಗಿಗೆ ಇಂಜೆಕ್ಷನ್ ಕೊಟ್ಟು, ಅವನ ಕೆನ್ನೆಯನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದಂತೆಯೇ ಆತ ಅವಳ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಬಿಟ್ಟ!

"ನೋವಾಯ್ತಾ?" ಅವಳು ಗಾಬರಿಯಾದಳು.

"ಇಲ್ಲ ಡಾಕ್ಟ್ರೇ... ನೀವೀಗ ನನ್ನನ್ನ ಟಾರ್ಪಿಫೈ ಮಾಡಿದ್ರಿ!"

ಅವಳು ಕೈ ಬಿಡಿಸಿಕೊಂಡಳು. ಇದು ಬೈಗುಳವೋ? ಹೊಗಳಿಕೆಯೋ?

ಆತ ಇಂಗ್ಲಿಷ್-ಕನ್ನಡ ನಿಘಂಟಿನ ಸಂಪಾದಕ. ಅರ್ಧ ಸತ್ತ ತುಟಿಯಿಂದಲೇ ವಿವರಿಸಿದ: "ಮುಟ್ಟಿದ್ರೂ ಗೊತ್ತಾಗದ ಹಾಗೆ ಮಾಡೋದು ಅಂತ ಅರ್ಥ. ಲ್ಯಾಟಿನ್ನಿನ 'ಜಡವಾಗಿರು' ಅನ್ನೋ ಮಾತಿಂದ ಬಂದಿದ್ದು. ಮುಟ್ಟಿದವರ ಕೈಗೆ ಕರೆಂಟ್ ಹೊಡೆದು ಜಡ ಮಾಡೋ ಮೀನೊಂದಿದೆ. ಟಾರ್ಪಿಡೊ ಅನ್ನೋ ಅದರ ಹೆಸರೂ ಇದೇ ಬೇರಿನದು. ಹಡಗು ಮುಳುಗಿಸೋ ಸಿಡಿಗುಂಡಿಗೆ ಆಮೇಲೆ ಆ ಮೀನಿನ ಹೆಸರೇ ಇಟ್ರು."

"ಅಂದ್ರೆ ನಾನು ಮೀನಾ?"

ಆತ ನಕ್ಕ, ನಗೆ ಒಂದೇ ಕಡೆಗೆ ವಾಲಿತು. "ಆ ಪದಕ್ಕೆ ಕನ್ನಡದಲ್ಲಿ 'ಜೋಮು ಹಿಡಿಸು' ಅಂತ ಬರೆದಿದ್ದೀನಿ."

"ಛೆ! ಜೋಮು ಹಿಡಿದ್ರೆ ಚುರುಚುರು ಅನ್ನುತ್ತೆ. ನಿಮಗೀಗ ಅನ್ನುತ್ತಾ?"

"ಇಲ್ಲ... ಈ ಕೆನ್ನೆ ಇನ್ಯಾರದೋ ಅನ್ನಿಸ್ತಿದೆ."

"ಮತ್ತೆ? 'ಮರಗಟ್ಟಿಸು' ಅಂತ ಬರೀರಿ."

ಮುಂದಿನ ಭೇಟಿಗಳಲ್ಲೂ ಆತನ ಪ್ರಶ್ನೆಗಳು ನಿಲ್ಲಲಿಲ್ಲ. ಮರಗಟ್ಟಿದ ಜಾಗಕ್ಕೆ ಬಿಸಿ ತಿಳಿಯುವುದೇ? ಒತ್ತಿದ್ದು ತಿಳಿಯುವುದೇ? ಅವಳಿಗೂ ಕುತೂಹಲ ಹತ್ತಿತು... ಪದದ ಬೇರನ್ನೇ ಇಷ್ಟು ಆಸೆಯಿಂದ ಕೆದಕುವವನು, ಒಂದು ಹೆಣ್ಣಿನ ಮನಸ್ಸನ್ನು?

ಹೊರಗೆ ಟೋಕನ್ ಕೊಡುತ್ತಿದ್ದ ಅವಳ ಅಕ್ಕ ಛೇಡಿಸುತ್ತಿದ್ದಳು: "ಲೇ, ನಿನ್ನ ನಿಘಂಟು ಬಂತು ಕಣೇ. ಮುಂಗುರುಳು ಸರಿ ಮಾಡ್ಕೋ!"

ಚಿಕಿತ್ಸೆಯ ಕೊನೆಯ ದಿನ ಆತ ಹೇಳಿದ: "ಆ ಪದ ಅಚ್ಚಿಗೆ ಹೋಯ್ತು ಡಾಕ್ಟ್ರೇ. ತುಂಬ ಉಪಕಾರ ಆಯ್ತು."

ಅಷ್ಟೇನಾ...? ಪದ ಸಿಕ್ಕಿತು, ಇನ್ನು ನಾನೇಕೆ?

"ನಿಮ್ಮ ಹಲ್ಲಿನ ಕೆಲಸವೂ ಮುಗೀತು. ಇನ್ನು ಬರಬೇಕಾಗಿಲ್ಲ," ಎಂದವಳು ಬೆನ್ನು ತಿರುಗಿಸಿ ಕೈ ತೊಳೆಯತೊಡಗಿದಳು. ಆತನ ಮುಖ ಬಾಡಿದ್ದನ್ನು ಬಾಗಿಲಲ್ಲಿದ್ದ ಅಕ್ಕ ಕಂಡಳು, ತಂಗಿ ಕಾಣಲಿಲ್ಲ.

ಮರುವಾರ ಆತ ಕೆನ್ನೆ ಹಿಡಿದುಕೊಂಡು ಹಾಜರ್! ಅವಳು ಹಲ್ಲನ್ನು ತಟ್ಟಿದಳು, ತಣ್ಣನೆಯ ಹತ್ತಿ ಇಟ್ಟಳು, ಗಾಳಿ ಊದಿದಳು.

"ಈ ಹಲ್ಲಿಗೆ ಏನೂ ಆಗಿಲ್ಲ. ಇನ್ಯಾವ ಪದ ಬೇಕಿತ್ತು?"

"ಪದ ಬೇಡ..." ಆತ ತೊದಲಿದ. "ಬರಬೇಕಾಗಿಲ್ಲ ಅಂದ್ರಲ್ಲ... ನೋವಿಲ್ಲದೆ ಬರೋದು ಹೇಗೆ ಅಂತ ತಿಳೀಲಿಲ್ಲ. ನನಗೆ ನೀವು..."

"ಸುಮ್ನಿರಿ!"

ಅವಳು ದೀಪ ಆರಿಸಿದಳು. ಕೈಗವಸು ಕಳಚಿದಳು.

"ಮೊದಲು ಕುರ್ಚಿಯಿಂದ ಇಳೀರಿ. ಪೇಷಂಟ್ ಬಾಯಿಂದ ಈ ಮಾತು ನಾನು ಕೇಳೋ ಹಾಗಿಲ್ಲ."

ಆತ ಇಳಿದು ನಿಂತ. ಇಷ್ಟು ದಿನ ಒರಗಿಯೇ ಕಂಡಿದ್ದವನು ತನಗಿಂತ ಒಂದು ಗೇಣು ಎತ್ತರವೆಂದು ಅವಳಿಗೆ ಆಗಲೇ ತಿಳಿದದ್ದು.

"ಈಗ ಹೇಳಿ."

"ನೀವಂದ್ರೆ ನನಗೆ ಪ್ರಾಣ."

"ಹಾಗಾದ್ರೆ ಬೇರೆ ಡಾಕ್ಟರನ್ನ ಹುಡುಕ್ಕೊಳ್ಳಿ," ಎಂದವಳು ಮುಂಗುರುಳು ಸರಿ ಮಾಡಿಕೊಂಡಳು. "ಹಲ್ಲಿಗೆ ಮಾತ್ರ!"