ಬಿಚ್ಚಿರದ ಲೇಸು

ಮೂರು ವರ್ಷದಲ್ಲಿ ಅವಳು ಅವನ ಮುಖಕ್ಕಿಂತ ಬೆನ್ನನ್ನೇ ಹೆಚ್ಚು ನೋಡಿದ್ದಳು. ಮಾಸಿದ ನೀಲಿ ಅಂಗಿ, ಎಡ ಹೆಗಲಿನ ಮೇಲೊಂದು ತೇಪೆ, ಬಿಸಿಲಿಗೆ ಕಂದಿದ ಕತ್ತು.

ಅವಳದು ಹವಾಮಾನ ಕಚೇರಿಯ ಕೆಲಸ. ಬೆಟ್ಟದ ತುದಿಯ ವ್ಯೂ ಪಾಯಿಂಟಿನಲ್ಲಿ ಮಳೆಮಾಪಕವಿತ್ತು, ಬಿಳಿ ಪೆಟ್ಟಿಗೆಯೊಳಗೆ ಎರಡು ಥರ್ಮಾಮೀಟರುಗಳಿದ್ದವು. ವಾರಕ್ಕೊಮ್ಮೆ ಹತ್ತಿಹೋಗಿ ಅಳತೆ ಬರೆದುಕೊಂಡು ಬರಬೇಕು. ಕಾಡುದಾರಿಯಲ್ಲಿ ಒಬ್ಬರೇ ಹೋಗಬಾರದೆಂದು ಕಚೇರಿಯವರೇ ಈ ಗೈಡನ್ನು ಗೊತ್ತುಮಾಡಿದ್ದರು.

"ಬೆನ್ನು ಸಾಹೇಬ್ರೇ, ಸ್ವಲ್ಪ ನಿಧಾನ!"

"ನಿಧಾನವಾಗೇ ಹೋಗ್ತಿದೀನಲ್ಲ ಮೇಡಂ."

"ನನ್ನ ಮುಖ ಹೇಗಿದೆ ಅಂತ ಜ್ಞಾಪಕನಾದ್ರೂ ಇದೆಯಾ?"

"ಮೇಲೆ ಹೋದ್ಮೇಲೆ ನೋಡಿ ಹೇಳ್ತೀನಿ."

ಪ್ರತಿ ವಾರದ ಮಾತು ಇದು. ಇವತ್ತೂ ಆಡಿದರು. ಆದರೆ ನಗು ಯಾರಿಗೂ ಬರಲಿಲ್ಲ.

ಇದು ಅವಳ ಕೊನೆಯ ಹತ್ತುವಿಕೆ. ಮುಂದಿನ ತಿಂಗಳು ಅಕ್ಕನ ಊರಿನಲ್ಲಿ ಮದುವೆ. ವರ ಕನ್ನಡಕದ ಅಂಗಡಿಯವರು, ಹೆಂಡತಿಯನ್ನು ಕಳೆದುಕೊಂಡವರು, ಆರು ವರ್ಷದ ಮಗಳಿದ್ದಾಳೆ. ಕಳೆದ ಭಾನುವಾರ ಅವಳು ಒಪ್ಪಿಗೆ ಕೊಟ್ಟು ಬಂದಿದ್ದಳು. ಆ ಸುದ್ದಿ ಕಚೇರಿಯವರಿಂದ ಅವನ ಕಿವಿಗೂ ಬಿದ್ದಿತ್ತು. ಒಂದು ಸಲವೂ ತಿರುಗಿ ನೋಡದ ಬೆನ್ನಿಗಾಗಿ ಎಷ್ಟು ವರ್ಷ ಅಂತ ಕಾಯುವುದು?

ದಾರಿ ಗೋಡೆಯಂತೆ ಎದ್ದು ನಿಲ್ಲುವ ಜಾಗ ಬಂತು. ಬೇರುಗಳನ್ನು ಹಿಡಿದು ಹತ್ತಬೇಕು. ಅವಳ ಉಸಿರು ಕಟ್ಟುವ ಹೊತ್ತಿಗೆ ಸರಿಯಾಗಿ ಅವನು ನಿಂತ.

"ಬೂಟಿನ ಲೇಸ್ ಬಿಚ್ಚಿಕೊಳ್ತು ಮೇಡಂ. ಒಂದು ನಿಮಿಷ."

ಈ ಹಾಳು ಲೇಸು ಯಾವಾಗಲೂ ಇಲ್ಲೇ ಬಿಚ್ಚಿಕೊಳ್ಳುತ್ತಿತ್ತು. ಅಷ್ಟರಲ್ಲಿ ಅವಳು ಬಂಡೆಗೊರಗಿ, ಕಣ್ಣು ಮುಚ್ಚಿ ಸುಧಾರಿಸಿಕೊಳ್ಳುವುದು ವಾಡಿಕೆ. ಇವತ್ತು ಕೊನೆಯ ದಿನವೆಂದು ಕಣ್ಣು ಮುಚ್ಚಲು ಮನಸ್ಸಾಗಲಿಲ್ಲ. ನೋಡಿದಳು. ಅವನ ಲೇಸು ಬಿಚ್ಚಿರಲೇ ಇಲ್ಲ. ಎರಡು ಗಂಟು ಬಿಗಿದು ಕೂತಿತ್ತು. ಅವನು ಅದರ ಮೇಲೆ ಸುಮ್ಮನೆ ಬೆರಳಾಡಿಸುತ್ತಿದ್ದ, ಅವಳ ಉಸಿರು ಹದಕ್ಕೆ ಬರುವವರೆಗೂ.

ಉಳಿದ ದಾರಿ ಹೇಗೆ ಹತ್ತಿದಳೋ ಅವಳಿಗೇ ಗೊತ್ತಿಲ್ಲ.

ತುದಿಯಲ್ಲಿ ಗಾಳಿ ಜೋರಾಗಿತ್ತು. ಕೆಳಗೆ ಊರು ಬೆಂಕಿಪೊಟ್ಟಣಗಳನ್ನು ಚೆಲ್ಲಿದ ಹಾಗೆ ಕಾಣುತ್ತಿತ್ತು. ಹದಿನಾಲ್ಕು ಮಿಲಿಮೀಟರ್ ಮಳೆ. ಬರೆದುಕೊಂಡಳು.

"ಮೂರು ವರ್ಷ," ಎಂದಳು, ಪುಸ್ತಕದಿಂದ ತಲೆ ಎತ್ತದೆ. "ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಹಿಂದಿನಿಂದ ಮಾತಾಡ್ತಾನೇ ಬಂದೆ. ಒಂದು ಸಲ ತಿರುಗಿ ನೋಡಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಅಪ್ಪನೂ ಇದೇ ಕೆಲಸ ಮಾಡ್ತಿದ್ರು ಮೇಡಂ. ಹತ್ತೋರನ್ನ ತಿರುಗಿ ನೋಡಬೇಡ ಅಂತಿದ್ರು. ನೋಡಿದ್ರೆ, ತಾನು ಹಿಂದೆ ಬಿದ್ದೆ ಅಂತ ನಾಚಿಕೊಂಡು ಅವಸರದಲ್ಲಿ ಹೆಜ್ಜೆ ಹಾಕ್ತಾರೆ, ಜಾರ್ತಾರೆ. ಕಣ್ಣು ಮುಂದಿರಲಿ, ಕಿವಿ ಹಿಂದಿರಲಿ ಅಂತ." ಕೈಯಲ್ಲಿನ ಟೋಪಿ ತಿರುಗಿಸಿದ. "ದಣಿದಾಗ ನೀವು ಎಡಗಾಲು ಎಳೀತೀರಿ. ಖುಷಿಯಾಗಿದ್ರೆ ಕಲ್ಲಿಂದ ಕಲ್ಲಿಗೆ ಹಾರ್ತೀರಿ. ಇವತ್ತು ಎರಡು ಕಾಲೂ ಭಾರ. ಅರ್ಧ ದಾರಿಯಿಂದ ಅದನ್ನೇ ಕೇಳಿಸ್ಕೊಂಡು ಬಂದೆ."

ಅವಳ ಕಣ್ಣು ತುಂಬಿ ಬಂತು. "ಅದನ್ನ ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿಮಗೆ?"

"ನಿಮ್ಮದು ಕಚೇರಿ ಕೆಲಸ. ನಾನು ದಾರಿ ತೋರಿಸೋನು. ನಿಮಗೆ ಗೊತ್ತಾಗಿರುತ್ತೆ ಅಂದ್ಕೊಂಡಿದ್ದೆ." ಮತ್ತೆ ಮೆಲ್ಲಗೆ ಕೇಳಿದ, "ಈಗ ಹೇಳಿದ್ರೆ?"

ಗಾಳಿ ಪುಸ್ತಕದ ಹಾಳೆ ಮಗುಚಿತು. ಅವಳು ಅಂಗೈಯಿಂದ ಒತ್ತಿ ಹಿಡಿದಳು.

"ಆ ಮಗು ನನಗೇಂತ ಅಲ್ಮೇರಾದಲ್ಲಿ ಒಂದು ಖಾನೆ ಖಾಲಿ ಮಾಡಿಟ್ಟಿದೆ. ತನ್ನ ಗೊಂಬೆಗಳನ್ನೆಲ್ಲ ಕೆಳಗಿಳಿಸಿ, ಒದ್ದೆ ಬಟ್ಟೆಯಲ್ಲಿ ತಾನೇ ಒರೆಸಿ. ಕೈಹಿಡಿದು ಕರ್ಕೊಂಡು ಹೋಗಿ ತೋರಿಸ್ತು."

ಅವನು ಬಹಳ ಹೊತ್ತು ಕಣಿವೆಯನ್ನೇ ನೋಡಿದ. ಆಮೇಲೆ, ಆ ಮೂರು ವರ್ಷದಲ್ಲಿ ಎಂದೂ ನೋಡದಷ್ಟು ಹೊತ್ತು, ಅವಳ ಮುಖ ನೋಡಿದ.

"ಹಾಗಾದ್ರೆ ಆ ಖಾನೆ ಖಾಲಿ ಇರಬಾರದು ಮೇಡಂ."

"ಇವತ್ತೊಂದು ದಿನ ಮೇಡಂ ಅನ್ಬೇಡಿ."

ಅವನು ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ ಕೊಟ್ಟ. ಅವಳು ಅರ್ಧ ಕುಡಿದು ಕೊಟ್ಟಳು. ಉಳಿದರ್ಧವನ್ನು ಅವನು ಕುಡಿದ.

ಹೊರಡುವಾಗ ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. "ನೀವು ಮುಂದೆ ನಡೀರಿ. ದಾರಿ ನಿಮಗೆ ಬಾಯಿಪಾಠ. ಇವತ್ತು ನಾನು ನೋಡ್ಕೊಂಡು ಬರ್ತೀನಿ."

ಅವಳು ಮುಂದೆ ನಡೆದಳು. ಬೆನ್ನಿಗೆ ಕಣ್ಣಿಲ್ಲ, ನಿಜ; ಆದರೆ ಆ ನೋಟದ ಬಿಸುಪು ಕಾಡು ಮುಗಿಯುವವರೆಗೂ ಅವಳ ಹೆಗಲ ಮೇಲಿತ್ತು. ಒಣಗಿದೆಲೆಯ ಮೇಲೆ ಅವನ ಹೆಜ್ಜೆಯನ್ನು ಮೊದಲ ಸಲ ಕಿವಿಗೊಟ್ಟು ಕೇಳಿದಳು. ಬಲಗಾಲು ಹಗುರ. ಎಡಗಾಲು ಸ್ವಲ್ಪ ತಡೆದು ಬರುತ್ತಿತ್ತು. ಇಷ್ಟು ದಿನ ಇದು ತನಗೆ ಗೊತ್ತೇ ಇರಲಿಲ್ಲವಲ್ಲ!

ಮರಗಳು ಮುಗಿದು ರಸ್ತೆ ಕಾಣಿಸಿದಾಗ ಹಿಂದಿನ ಹೆಜ್ಜೆ ನಿಂತಿತು. ಕಚೇರಿಯ ಜೀಪು ಕಾಯುತ್ತಿತ್ತು. ತಿರುಗಿದರೆ ತಾನು ಹೋಗಲಾರೆನೆಂದು ಅವಳಿಗೆ ಗೊತ್ತಿತ್ತು. ತಿರುಗಲಿಲ್ಲ.

ಅಲ್ಲೇ ಬಗ್ಗಿ ಕುಳಿತು, ತನ್ನ ಬಿಚ್ಚಿರದ ಲೇಸಿನ ಮೇಲೆ ಬೆರಳಾಡಿಸಿದಳು. ಜೀಪಿನವನು ಎರಡು ಸಲ ಹಾರ್ನ್ ಹೊಡೆದ. ಅವಳು ಇನ್ನೂ ಕಟ್ಟುತ್ತಲೇ ಇದ್ದಳು.