ಸೊಂಡಿಲಪ್ಪನ ಆರನೆಯ ಕಾಲು

"ಉಸಿರು ಬಿಡ್ಬೇಡಿ!"

ಹೊಸದಾಗಿ ಬಂದ ಚಿತ್ರಕಾರ ಬಾಗಿಲಲ್ಲೇ ಕಲ್ಲಾಗಿ ನಿಂತ. ಮೇಜಿನ ಮೇಲೆ ಬಾಗಿದ್ದ ಸಂಶೋಧಕಿ ತಲೆ ಎತ್ತಲಿಲ್ಲ. ಅವಳ ಚಿಮುಟದ ತುದಿಯಲ್ಲಿ ಎಳ್ಳಿಗಿಂತ ಚೂರು ದೊಡ್ಡದಾದ ಹುಳವೊಂದಿತ್ತು. ಅದನ್ನು ಚೂಪು ಕಾಗದದ ತುದಿಗೆ ಅಂಟಿಸಿ, ಕಾಗದವನ್ನು ಪಿನ್ನಿಗೆ ಚುಚ್ಚಿ ಮುಗಿಸಿದ ಮೇಲೇ ಅವಳು ತಿರುಗಿ ನೋಡಿದ್ದು.

ಅವನ ಮುಖ ಕೆಂಪಾಗಿತ್ತು. ಬಿಡಬಹುದಾ ಎಂದು ಕಣ್ಣಲ್ಲೇ ಕೇಳುತ್ತಿದ್ದ.

ಅಯ್ಯೋ... ನಿಜವಾಗಿಯೂ ಉಸಿರು ಕಟ್ಟಿಕೊಂಡು ನಿಂತಿದ್ದಾನಲ್ಲ!

"ಬಿಡಿ, ಬಿಡಿ! ಸತ್ತುಗಿತ್ತು ಹೋದೀರಾ!"

ಕೀಟ ಸಂಗ್ರಹಾಲಯದ ಆ ಕೋಣೆಯಲ್ಲಿ ಇಬ್ಬರೂ ಮೊದಲ ಸಲ ಒಟ್ಟಿಗೆ ನಕ್ಕರು.

ಆ ಹುಳ ಅಂಥಿಂಥದ್ದಲ್ಲ. ಅಕ್ಕಿ ಡಬ್ಬಿಯಲ್ಲಿ ಸಿಗುವ ಉದ್ದ ಮೂತಿಯ ಹುಳದ ದೂರದ ನೆಂಟ, ಆದರೆ ಅವಳ ಪ್ರಕಾರ ಈವರೆಗೆ ಯಾರೂ ಹೆಸರಿಡದ ಹೊಸ ಜಾತಿ. ಸಿಕ್ಕಿದ್ದು ಒಂದೇ ಒಂದು. ಅದರ ಮೈಯ ಒಂದೊಂದು ಗುಳಿ, ಒಂದೊಂದು ಕೂದಲನ್ನೂ ಬರೆದು, ಚಿತ್ರದೊಂದಿಗೆ ಪ್ರಕಟಿಸಿದರೆ ಅದಕ್ಕೊಂದು ಹೆಸರು. ಮುಂದೆ ಯಾರಿಗೇ ಅಂಥ ಹುಳ ಸಿಕ್ಕರೂ ಈ ಪಿನ್ನಿನ ಮೇಲಿನದಕ್ಕೇ ಹೋಲಿಸಿ ನೋಡಬೇಕು.

"ಅಕ್ಕಿ ಆರಿಸು ಅಂದ್ರೆ ಓಡ್ತಿದ್ದೋಳು, ಈಗ ಹುಳಕ್ಕೆ ನಾಮಕರಣ ಮಾಡ್ತಾಳಂತೆ!" ಎಂದು ಅಮ್ಮ ಮನೆಗೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ಆ ನಗುವಿನಲ್ಲಿ ಹೆಮ್ಮೆಯೇ ಹೆಚ್ಚು.

ಅವನು ಸೂಕ್ಷ್ಮದರ್ಶಕದಲ್ಲಿ ನೋಡಿ ಚಿತ್ರ ಬಿಡಿಸುತ್ತಿದ್ದ; ಆ ಉದ್ದ ಮೂತಿ ನೋಡಿ ಹುಳವನ್ನು ಸೊಂಡಿಲಪ್ಪ ಎಂದೇ ಕರೆಯುತ್ತಿದ್ದ. ಅವಳು ಪಕ್ಕದಲ್ಲಿ ಕೂತು ಬರೆಯುತ್ತಿದ್ದಳು.

"ನಿಮ್ಮ ಸೊಂಡಿಲಪ್ಪ ಸಿಡುಕ ಅನ್ಸತ್ತೆ. ಹುಬ್ಬು ಗಂಟು ಹಾಕ್ಕೊಂಡಿದ್ದಾನೆ."

"ಹುಳಕ್ಕೆ ಹುಬ್ಬಿಲ್ಲ!"

"ನಿಮಗಿದೆಯಲ್ಲ..."

ಅವಳು ಬೇಕೆಂದೇ ಹುಬ್ಬು ಗಂಟಿಕ್ಕಿದಳು. ಎದೆಯೊಳಗೆ ಮಾತ್ರ ಏನೋ ಸಡಿಲವಾಯಿತು. ಈ ಕೆಲಸ ಬೇಗ ಮುಗಿಯದಿದ್ದರೆ ಸಾಕು ಎಂದು ಅವಳಿಗೆ ಮೊದಲ ಬಾರಿ ಅನ್ನಿಸಿತು. ಚಿತ್ರ ಮುಗಿದ ಕೂಡಲೇ ಅವನು ಬೇರೆ ಊರಿನ ಕೆಲಸಕ್ಕೆ ಹೊರಡುವವನಿದ್ದ.

ಒಂದು ಸಂಜೆ, ಅವಳು ಹುಳದ ಫೋಟೋ ಕಳಿಸಿ ಕೇಳಿದ್ದ ಹೊರದೇಶದ ತಜ್ಞರಿಂದ ಉತ್ತರ ಬಂತು. ಹೌದು, ಇದು ಹೊಸ ಜಾತಿಯೇ!

ಅವಳು ಕುಣಿದೇಬಿಟ್ಟಳು. "ನೋಡಿ, ನೋಡಿ! ನಾನು ಹೇಳಿರಲಿಲ್ವಾ!" ಎಂದು ಪಿನ್ನನ್ನು ಕೈಗೆತ್ತಿಕೊಂಡು, ಅತ್ತಿತ್ತ ತಿರುಗಿಸಿ, ಅವನ ಕಣ್ಣ ಮುಂದೆ ಹಿಡಿದು, ಮತ್ತೆ ಮೇಜಿನ ಮೇಲಿಟ್ಟು ಅಮ್ಮನಿಗೆ ಫೋನ್ ಮಾಡಲು ಹೊರಗೆ ಓಡಿದಳು.

ಮರುದಿನ ಬೆಳಿಗ್ಗೆ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟವಳ ಜೀವ ಬಾಯಿಗೆ ಬಂತು.

ಕಾಲು ಐದೇ ಇದ್ದವು.

"ಕಾಲೆಲ್ಲಿ? ಎಡಗಡೆ ನಡುವಿನ ಕಾಲೆಲ್ಲಿ?"

ಬಾಗಿಲಲ್ಲಿ ಸಂಗ್ರಹಾಲಯದ ಮುಖ್ಯಸ್ಥರು ನಿಂತಿದ್ದರು. ಚಿತ್ರಕಾರ ಅವರನ್ನೊಮ್ಮೆ, ಇವಳನ್ನೊಮ್ಮೆ ನೋಡಿದ.

"ಆಮೇಲೆ ಹೇಳ್ತೀನಿ. ನೀವೊಬ್ರೇ ಇದ್ದಾಗ..."

"ಏನು ಆಮೇಲೆ? ಇರೋದೇ ಒಂದು ಹುಳ! ಮುರಿದದ್ದೂ ಅಲ್ದೆ ಮುಚ್ಚಿಡ್ತೀರಾ?"

ಇನ್ನು ಹುಳ ಮುಟ್ಟಬೇಡಿ, ಫೋಟೋ ನೋಡಿಯೇ ಚಿತ್ರ ಮುಗಿಸಿ ಎಂದು ಮುಖ್ಯಸ್ಥರು ಕಡ್ಡಿ ಮುರಿದಂತೆ ಹೇಳಿದರು. ಅವನು ಕುಂಚಗಳನ್ನು ಒರೆಸಿ, ಚೀಲಕ್ಕೆ ಹಾಕಿ ಹೊರಟುಹೋದ.

ಒಂದು ಮಾತಾದರೂ ಆಡಬಾರದಿತ್ತೇ? ಇಷ್ಟೇನಾ ಇವನು? ಅವಳಿಗೆ ಸಿಟ್ಟಿಗಿಂತ ನೋವೇ ಹೆಚ್ಚಾಯಿತು.

ಕೆಲವು ದಿನಗಳ ನಂತರ ಅವನ ಚಿತ್ರ ಅಂಚೆಯಲ್ಲಿ ಬಂತು. ಆರೂ ಕಾಲುಗಳ, ಜೀವಂತವೆನ್ನಿಸುವ ಸೊಂಡಿಲಪ್ಪ. ಇನ್ನುಳಿದದ್ದು ಪಿನ್ನಿಗೆ ಕೆಂಪು ಚೀಟಿ ಚುಚ್ಚುವುದು. ಈ ಜಾತಿಗೆಲ್ಲ ಇದೇ ಮೂಲಮಾದರಿ ಎಂಬ ಗುರುತು ಅದು. ಅದಕ್ಕಾಗಿ, ಹುಳ ಸಿಕ್ಕ ಜಾಗ, ದಿನ ಬರೆದು ಪಿನ್ನಿಗೆ ಚುಚ್ಚಿದ್ದ ಹಳೆಯ ಚೀಟಿಗಳನ್ನು ಕೆಳಗೆ ಜಾರಿಸಿದಳು. ಅವುಗಳ ನಡುವೆ ತಾನು ಇಡದ ಒಂದು ಪುಟ್ಟ ರಟ್ಟು!

ಅದರ ಮೇಲೆ, ಅಂಟಿನ ಚುಕ್ಕೆಯಲ್ಲಿ ನೀಟಾಗಿ ಮಲಗಿತ್ತು ಆ ಕಾಲು.

ಮುರಿದ ಭಾಗವನ್ನು ಅದೇ ಪಿನ್ನಿಗೆ ಸೇರಿಸಿಡುವುದು ಈ ಕೆಲಸದವರ ರೂಢಿ. ಹುಡುಕಬೇಕಾದ ಮೊದಲ ಜಾಗವನ್ನೇ ಅವಳು ನೋಡಿರಲಿಲ್ಲ! ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಕಾಲಿನ ತುದಿಯ ಉಗುರಿಗೆ ಒಂದು ನೀಲಿ ಉಣ್ಣೆಯ ಎಳೆ ಸಿಕ್ಕಿಕೊಂಡಿತ್ತು.

ನೀಲಿ... ಆ ಸಂಜೆ ತಾನು ತೊಟ್ಟಿದ್ದ ಸ್ವೆಟರ್!

ಕುಣಿದವಳು ತಾನು. ಪಿನ್ನನ್ನು ತಿರುಗಿಸಿದವಳು ತಾನು. ಸ್ವೆಟರಿನ ತೋಳಿಗೆ ಸಿಕ್ಕಿಸಿ ಮುರಿದವಳೂ ತಾನೇ. ಅವನು ಮುಖ್ಯಸ್ಥರ ಎದುರು ಅವಳ ಮಾನ ಉಳಿಸಲು ಬಾಯಿ ಮುಚ್ಚಿಕೊಂಡಿದ್ದ!

ಅಳುತ್ತ ಕೂರುವವಳಲ್ಲ ಅವಳು. ನೇರವಾಗಿ ಮುಖ್ಯಸ್ಥರ ಕೋಣೆಗೆ ಹೋದಳು.

"ಸಾರ್, ಕಾಲು ಮುರಿದದ್ದು ನಾನು. ಅವರು ಉಳಿಸಿದ್ದು. ನೀವೂ ಅವರ ಹತ್ರ ಕ್ಷಮೆ ಕೇಳ್ಬೇಕು. ಮೊದಲು ನಾನು ಕೇಳಿ ಬರ್ತೀನಿ."

ಅವನ ಬಾಡಿಗೆ ಕೋಣೆಯ ಮೆಟ್ಟಿಲು ಹತ್ತುವಾಗ ಅವಳು ಅದೇ ನೀಲಿ ಸ್ವೆಟರ್ ತೊಟ್ಟಿದ್ದಳು. ಒಳಗೆ ಪೆಟ್ಟಿಗೆ ಕಟ್ಟಿಯಾಗಿತ್ತು. ಅವನು ಸ್ವೆಟರ್ ನೋಡಿದ, ಎಲ್ಲ ಅರ್ಥವಾಯಿತು.

"ಯಾಕೆ ಹೇಳ್ಲಿಲ್ಲ?"

"ಆ ಸಂಜೆ ಅಷ್ಟು ಖುಷಿಯಾಗಿದ್ರಿ. ಕಾಲು ಬಿತ್ತು ಅಂತ ಹೇಳೋಕೆ ಮನಸ್ಸು ಬರಲಿಲ್ಲ. ಬೆಳಿಗ್ಗೆ ಹೇಳೋಣ ಅಂದ್ಕೊಂಡೆ... ಬೆಳಿಗ್ಗೆ ನೀವು ಬಿಡಲಿಲ್ಲ."

"ತಪ್ಪಾಯ್ತು. ನಿಮ್ಮನ್ನ ಸುಳ್ಳುಗಾರ ಅಂದ್ಕೊಂಡೆನಲ್ಲ, ಅದು ದೊಡ್ಡ ತಪ್ಪು." ಅವಳು ಚೀಲದಿಂದ ಹಾಳೆಯೊಂದನ್ನು ತೆಗೆದು ಗಟ್ಟಿಯಾಗಿ ಓದಿದಳು. "ಎಡಗಡೆಯ ನಡುವಿನ ಕಾಲು ಬೇರ್ಪಟ್ಟಿದೆ. ಮುರಿದವಳು ಲೇಖಕಿ. ಜೋಪಾನ ಮಾಡಿದವರು ಚಿತ್ರಕಾರ."

"ಇದನ್ನ ಅಚ್ಚು ಹಾಕಿಸ್ತೀರಾ?"

"ಹಾಕಿಸ್ತೀನಿ. ಈ ಹುಳದ ವಿಷಯ ಓದೋರೆಲ್ಲ ನನ್ನ ತಪ್ಪನ್ನೂ ಓದ್ಲಿ. ಇನ್ನೊಂದು ಮಾತಿದೆ, ಅದನ್ನ ಅಚ್ಚು ಹಾಕ್ಸಲ್ಲ." ಅವಳು ಅವನನ್ನೇ ನೋಡಿದಳು. "ಹೋಗ್ಬೇಡ. ನೀನಂದ್ರೆ ನನಗೆ ಇಷ್ಟ."

ಅವನು ಮತ್ತೆ ಉಸಿರು ಕಟ್ಟಿ ನಿಂತಿದ್ದ.

"ಬಿಡು ಮಾರಾಯ, ಉಸಿರು ಬಿಡು!"

ಅವನು ನಕ್ಕು, ಅವಳ ತೋಳಿನ ಅಂಚಿನಲ್ಲಿ ಎಳೆ ಕಿತ್ತುಹೋಗಿದ್ದ ಜಾಗವನ್ನು ಬೆರಳಿನಿಂದ ಸವರಿದ.

"ಕೈ ಹಿಡಿಯೋ ಧೈರ್ಯ ನನಗಿಂತ ಮೊದಲು ಸೊಂಡಿಲಪ್ಪನಿಗೇ ಬಂತು ನೋಡು."

"ಅವನ ಕಾಲು ಮುರೀತು, ನೆನಪಿರಲಿ!"

"ಮುರೀಲಿ ಬಿಡು," ಎಂದು ಅವನು ಅವಳ ಕೈ ಹಿಡಿದುಕೊಂಡ. "ಅಂಟಿಸೋಕೆ ನನಗೆ ಬರುತ್ತಲ್ಲ."